ಹನುಮಂತನಗರದ ಸರ್ವರ್ ಕ್ಲಾಸು: 3,500 ರೂಪಾಯಿಗೆ ಏನು ಸಿಕ್ಕಿತು

ಮೊದಲೇ ಹೇಳಿಬಿಡುತ್ತೇನೆ, ನಾನು ಕಂಪ್ಯೂಟರ್ ಓದಿದವನಲ್ಲ. ಸುಲ್ತಾನ್‌ಪೇಟೆಯಲ್ಲಿ ನಮ್ಮದೊಂದು ಸಣ್ಣ ಪ್ರೆಸ್ಸು ಇದೆ. ಮದುವೆ ಕಾರ್ಡು, ಗೃಹಪ್ರವೇಶ, ಬಿಲ್ ಬುಕ್ಕು, ಅಣ್ಣಮ್ಮ ಉತ್ಸವದ ರಸೀದಿ ಪುಸ್ತಕ, ಇವೇ ನಮ್ಮ ಕೆಲಸ. ಅಪ್ಪ ಅಚ್ಚಿನ ಮೊಳೆ ಜೋಡಿಸುತ್ತಿದ್ದರು, ನಾನು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ, ಮಾಡುತ್ತೇನೆ. ವಯಸ್ಸು 52.

ಈ ವಯಸ್ಸಲ್ಲಿ ವೆಬ್ ಸರ್ವರ್ (ಬ್ರೌಸರ್ ಕೇಳಿದ ಪುಟವನ್ನು ಕೊಡುವ ಪ್ರೋಗ್ರಾಮು) ಕ್ಲಾಸಿಗೆ ಯಾಕೆ ಹೋದೆ ಅಂದರೆ, ಪ್ರೂಫ್ ಕಾಟ. ಪ್ರೂಫ್ ಅಂದರೆ ಅಚ್ಚು ಹಾಕುವ ಮೊದಲು ಗಿರಾಕಿಗೆ ತೋರಿಸುವ ಪ್ರತಿ. ವಾಟ್ಸಾಪ್‌ನಲ್ಲಿ ಪ್ರೂಫ್ ಕಳಿಸುತ್ತೇವೆ. ಹುಡುಗನ ಕಡೆಯವರು ಹಳೇ ಪ್ರೂಫ್ ನೋಡಿ ಓಕೆ ಅಂತಾರೆ, ಹುಡುಗಿ ಕಡೆಯವರು ಹೊಸದನ್ನು ನೋಡಿ ಓಕೆ ಅಂತಾರೆ. ಹೋದ ವರ್ಷ ಹೀಗೇ ಆಗಿ ಸೋದರಮಾವನ ಹೆಸರು ಬಿಟ್ಟುಹೋಯಿತು. 600 ಕಾರ್ಡು ರದ್ದಿಗೆ ಹಾಕಿದೆ. ಒಂದೇ ಲಿಂಕು ಇರಬೇಕು, ಯಾರು ಯಾವಾಗ ಒತ್ತಿದರೂ ಕೊನೇ ಪ್ರೂಫೇ ಕಾಣಬೇಕು, ನನಗೆ ಬೇಕಿದ್ದದ್ದು ಇಷ್ಟೇ. ಮಗಳಿಗೆ ಹೇಳಿದರೆ, "ಅಪ್ಪ, ಅದಕ್ಕೊಂದು ಸಣ್ಣ ಸರ್ವರ್ ಸಾಕು, ನೀನೇ ಕಲಿತುಕೋ" ಅಂದಳು. ಕಲಿಸು ಅಂದರೆ ಅವಳಿಗೆ ಪುರುಸೊತ್ತಿಲ್ಲ.

ಕ್ಲಾಸಿನ ಹೆಸರು ಹಾಕುತ್ತಿಲ್ಲ. ಹೊಗಳಿದ ಕಡೆ ಜಾಹೀರಾತು ಅಂತೀರಿ, ಬೈದ ಕಡೆ ಜಗಳ ಆಗುತ್ತದೆ. ಹನುಮಂತನಗರದ ಕಡೆ ಒಂದು ಮಹಡಿ ಮನೆ. ಎರಡು ಶನಿವಾರ, ಎರಡು ಭಾನುವಾರ, ಬೆಳಿಗ್ಗೆ ಹತ್ತರಿಂದ ಒಂದೂವರೆವರೆಗೆ. ಫೀಸು 3,500, ಅದರಲ್ಲಿ ಎರಡು ತಿಂಗಳ ಬಾಡಿಗೆ ಸರ್ವರೂ ಸೇರಿದೆ. ಪಾಠ ಪೂರ್ತಿ ಕನ್ನಡದಲ್ಲಿ, ನಾನು ಸೇರಿದ್ದೇ ಅದಕ್ಕೆ. ನಾವು ಹನ್ನೊಂದು ಜನ ಇದ್ದೆವು. ಬಿಸಿಎ ಹುಡುಗರೇ ಜಾಸ್ತಿ, ಒಬ್ಬರು ಪಿಯು ಕಾಲೇಜಿನ ಲೆಕ್ಚರರ್, ಒಬ್ಬರು ಟ್ಯಾಲಿ ಮಾಡುವ ಹೆಂಗಸು, ಮತ್ತೆ ನಾನು. ಕಲಿಸುವವರು ಮೂವತ್ತರೊಳಗಿನ ಹುಡುಗಿ, ಹಾಸನದ ಕಡೆಯ ಮಾತು. ಮೊದಲ ದಿನ ನನ್ನನ್ನು "ಅಂಕಲ್" ಅಂದರು, ಎರಡನೇ ದಿನದಿಂದ "ಸರ್" ಅಂದರು. ನಾನು ಮೊದಲಿಂದಲೂ "ಮೇಡಂ" ಅಂತಲೇ ಕರೆದೆ.

ಮೊದಲ ಶನಿವಾರ ಸ್ಲೈಡೂ ಇಲ್ಲ, ಪೀಠಿಕೆಯೂ ಇಲ್ಲ. ಕೂತ ಕೂಡಲೇ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹದಿನೈದು ಸಾಲು ಬರೆಸಿದರು. ಬರೆಸಿದರು ಅಂದರೆ ಒಂದೊಂದು ಅಕ್ಷರಾನೂ ನಾವೇ ಹೊಡೆಯಬೇಕು, ಎಲ್ಲಿಂದಲೋ ತಂದು ಅಂಟಿಸೋ ಹಾಗಿಲ್ಲ. ಸಾಕೆಟ್ (ಹೊರಗಿನವರ ಜೊತೆ ಮಾತಾಡುವ ಕಿಂಡಿ) ತೆಗಿ, 8000ನೇ ಪೋರ್ಟ್‌ನಲ್ಲಿ (ಯಂತ್ರದ ನಂಬರ್ ಹಾಕಿದ ಬಾಗಿಲು) ಕಾಯುತ್ತಾ ಕೂರು, ಯಾರಾದರೂ ಬಂದರೆ ಅವರು ಹೇಳಿದ್ದನ್ನು ಹಾಗೇ ಪರದೆ ಮೇಲೆ ಹಾಕು. ಆ ಹದಿನೈದು ಸಾಲಲ್ಲಿ ಇಷ್ಟೇ ಇದ್ದದ್ದು.

ಆಮೇಲೆ ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ 8000, ಅಂದರೆ ನನ್ನದೇ ಕಂಪ್ಯೂಟರಿನ 8000ನೇ ಬಾಗಿಲು, ಅಂತ ಹೊಡೆದೆ. ಕಪ್ಪು ಕಿಟಕಿಯಲ್ಲಿ ದಡದಡ ಸಾಲುಗಳು ಬಂದವು. ಮೊದಲ ಸಾಲು 'ಗೆಟ್', ಒಂದು ಓರೆಗೆರೆ, ಪಕ್ಕದಲ್ಲಿ 'ಎಚ್‌ಟಿಟಿಪಿ 1.1'. ಕೆಳಗೆ ಯಾವ ಹೋಸ್ಟು, ಯಾವ ಬ್ರೌಸರು, ಯಾವ ಭಾಷೆ ಬೇಕು ಅನ್ನುವ ವಿವರ. ಇಷ್ಟು ವರ್ಷದಿಂದ ಬ್ರೌಸರ್ ಬಳಸುತ್ತಿದ್ದೇನೆ, ಅದು ಆ ಕಡೆ ಹೋಗಿ ಏನು ಮಾತಾಡುತ್ತದೆ ಅಂತ ಆವತ್ತೇ ಕೇಳಿಸಿದ್ದು. ಗಿರಾಕಿ ಕೌಂಟರಿಗೆ ಬಂದು "ಒಂದು ರೀಮ್ ಮ್ಯಾಪ್‌ಲಿಥೋ ಕೊಡಿ" ಅಂದ ಹಾಗೆ, ಬರೀ ಮಾತು.

ಭಾಷೆಯ ಸಾಲಿನಲ್ಲಿ ಇಂಗ್ಲಿಷ್ ಅಂತ ಇತ್ತು. ನಾನು ಯಾವತ್ತೂ ಹಾಗೆ ಕೇಳಿರಲೇ ಇಲ್ಲ! ಮೇಡಂ ಸೆಟ್ಟಿಂಗ್ಸ್‌ಗೆ ಹೋಗಿ ಕನ್ನಡವನ್ನು ಪಟ್ಟಿಯ ಮೇಲಕ್ಕೆ ತರಲು ಹೇಳಿದರು. ತಂದೆ, ಮತ್ತೆ ಒತ್ತಿದೆ, ಆ ಸಾಲಿನಲ್ಲಿ ಮೊದಲಿಗೆ 'ಕೆಎನ್' ಅಂತ ಬಂತು. ಪಕ್ಕದ ಹುಡುಗನಿಗೂ ತೋರಿಸಿದೆ. ಅವನಿಗೆ ಅಷ್ಟೇನೂ ಅನಿಸಲಿಲ್ಲ.

ಎಲ್ಲರಿಗೂ ಒಂದು ಗೊಂದಲ ಆಯಿತು. ಒಂದು ಸಲ ಒತ್ತಿದರೆ ಎರಡು ಸಲ ಬರುತ್ತಿತ್ತು. ಎರಡನೆಯದು ಫೆವಿಕಾನ್ ಅಂತೆ, ಮೇಲೆ ಟ್ಯಾಬಿನಲ್ಲಿ ಕಾಣುತ್ತಲ್ವಾ, ಆ ಪುಟ್ಟ ಚಿತ್ರ. ಯಾರೂ ಹೇಳದೆ ಬ್ರೌಸರ್ ತಾನೇ ಕೇಳುತ್ತದೆ. ಕಾಫಿ ಕೇಳಿದವರು ನೀರನ್ನೂ ಕೇಳಿದ ಹಾಗೆ.

ಭಾನುವಾರ ಉತ್ತರ ಕೊಡುವ ಪಾಠ. ಈ ಕ್ಲಾಸಿಗೆ ಕೊಟ್ಟ ದುಡ್ಡು ನನಗೆ ವಾಪಸ್ ಬಂದದ್ದು ಇದೇ ಪಾಠದಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸರ್ವರ್ ಕೊಡುವ ಉತ್ತರಕ್ಕೆ ಲಕೋಟೆ ಇರುತ್ತದೆ, ಒಳಗೆ ಕಾಗದ ಇರುತ್ತದೆ. ಲಕೋಟೆ ಮೇಲೆ '200 ಓಕೆ' ಅಂತ ಮೊದಲ ಸಾಲು, ಕೆಳಗೆ ಒಳಗಿರುವುದು ಯಾವ ಥರದ್ದು, ಎಷ್ಟು ಉದ್ದ ಅನ್ನುವ ಸಾಲುಗಳು. ಆಮೇಲೆ ಒಂದು ಖಾಲಿ ಸಾಲು, ಅದರ ಕೆಳಗೆ ಕಾಗದ. ಆ ಖಾಲಿ ಸಾಲು ಮರೆತರೆ ಪುಟ ಕಾಣುವುದಿಲ್ಲ, ಕಾಗದವೂ ಲಕೋಟೆ ಮೇಲೆಯೇ ಬರೆದ ಹಾಗೆ ಆಗುತ್ತದೆ. ನಾನು ಮರೆತೆ. ಹನ್ನೊಂದರಲ್ಲಿ ಏಳು ಜನ ಮರೆತರು.

ಎಲ್ಲ ಕಡೆ 'ಹಲೋ ವರ್ಲ್ಡ್' ಅಂತ ಕಳಿಸಿ ಕಲಿಸುತ್ತಾರಂತೆ. ಮೇಡಂ 'ನಮಸ್ಕಾರ' ಅಂತ ಕಳಿಸಿ ಅಂದರು. ಉದ್ದ ಎಷ್ಟು ಅಂತ ಹೇಳುವ ಸಾಲಿಗೆ, ಅದನ್ನು ಕಂಟೆಂಟ್-ಲೆಂತ್ ಅಂತಾರೆ, ಪೈಥಾನನ್ನೇ ಎಣಿಸಲು ಕೇಳಿದೆವು. ಅದು 7 ಅಂದಿತು. ಹಾಕಿದೆವು, ಒತ್ತಿದೆವು. ಪರದೆ ಮೇಲೆ 'ನಮ' ಅಂತ ಬಂತು, ಪಕ್ಕದಲ್ಲಿ ಕಪ್ಪು ವಜ್ರದೊಳಗೆ ಒಂದು ಪ್ರಶ್ನೆ ಚಿಹ್ನೆ. ಉಳಿದದ್ದು ಎಲ್ಲಿ ಹೋಯಿತು?

ಮೇಡಂ ಉತ್ತರ ಹೇಳಲಿಲ್ಲ. ಟೀ ಕುಡಿದು ಬನ್ನಿ ಅಂದರು. ಟೀ ಜೊತೆ ನಿಪ್ಪಟ್ಟು ಇತ್ತು, ಚೆನ್ನಾಗಿತ್ತು. ನಿಪ್ಪಟ್ಟು ಕಡಿಯುತ್ತಾ ಬೆರಳಲ್ಲಿ ಎಣಿಸಿದೆ. ನ, ಮ, ಸ್ಕಾ, ರ. ನನ್ನ ಲೆಕ್ಕಕ್ಕೆ ನಾಲ್ಕು ಅಕ್ಷರ. ಪೈಥಾನ್ ಯಾಕೆ ಏಳು ಅಂತು? ವಾಪಸ್ ಬಂದ ಮೇಲೆ ಬಿಡಿಸಿ ತೋರಿಸಿದರು. ನ, ಮ, ಸ, ಅದರ ಮೇಲಿನ ವಿರಾಮ, ಕ, ಆಕಾರದ ಗುರುತು, ರ. ಒಟ್ಟು ಏಳು. ಅಪ್ಪನ ಕಾಲದಲ್ಲಿ ಒತ್ತಿಗೆ ಬೇರೆ ಮೊಳೆ ಇರುತ್ತಿತ್ತು, ಅದು ನೆನಪಾಯಿತು. ಆದರೆ ತಂತಿಯಲ್ಲಿ ಹೋಗುವುದು ಅಕ್ಷರ ಅಲ್ಲ, ಬೈಟು, ಕಂಪ್ಯೂಟರ್ ಎಣಿಸುವ ಸಣ್ಣ ಅಳತೆ. ಯುಟಿಎಫ್-8ರಲ್ಲಿ, ಅಂದರೆ ಅಕ್ಷರವನ್ನು ಬೈಟಾಗಿ ಬರೆಯುವ ಪದ್ಧತಿಯಲ್ಲಿ, ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಒಂದೊಂದು ಗುರುತಿಗೂ ಮೂರು ಬೇಕು. ಏಳು ಮೂರಲ 21. ನಾವು ಲಕೋಟೆ ಮೇಲೆ 7 ಅಂತ ಬರೆದೆವು, ಬ್ರೌಸರ್ 7 ಬೈಟ್ ಓದಿ ಕೈ ತೊಳೆದುಕೊಂಡಿತು. ಆರು ಬೈಟಿಗೆ 'ನಮ', ಏಳನೆಯದು 'ಸ'ದ ಮೂರನೇ ಒಂದು ಭಾಗ, ಅದೇ ಆ ಪ್ರಶ್ನೆ ಚಿಹ್ನೆ.

ಅಕ್ಷರ 4, ಪೈಥಾನಿಗೆ 7, ತಂತಿಗೆ 21. 'ಹಲೋ' ಅಂತ ಇಂಗ್ಲಿಷಲ್ಲಿ ಕಳಿಸಿದವರಿಗೆ ಇದು ಜನ್ಮದಲ್ಲೂ ಗೊತ್ತಾಗುವುದಿಲ್ಲ, ಯಾಕೆಂದರೆ ಅವರಿಗೆ ಮೂರೂ ಲೆಕ್ಕ 5 ಅಂತಲೇ ಬರುತ್ತದೆ. ಕನ್ನಡದಲ್ಲಿ ಕಲಿಯುವುದು ಅಂದರೆ ಪಾಠ ಕನ್ನಡದಲ್ಲಿ ಹೇಳುವುದು ಅಂತ ನಾನು ಅಂದುಕೊಂಡಿದ್ದೆ. ಇಲ್ಲಿ ಕೆಡುವುದೂ ಕನ್ನಡದಲ್ಲೇ ಕೆಟ್ಟಿತು. ಇಪ್ಪತ್ತೈದು ವರ್ಷದಿಂದ ಡಿಟಿಪಿಯಲ್ಲಿ ಕೂತವನು ನಾನು. ನುಡಿ ತಂತ್ರಾಂಶದ ಫೈಲನ್ನು ಯೂನಿಕೋಡಿಗೆ ಬದಲಾಯಿಸುವುದು ಮರೆತು ಕಳಿಸಿ, ಆ ಕಡೆ ಟೋಪಿ ಬಾಲ ಇರುವ ಇಂಗ್ಲಿಷ್ ಅಕ್ಷರಗಳ ಜಾತ್ರೆ ಕಂಡು, ಗಿರಾಕಿಯಿಂದ ಬೈಸಿಕೊಂಡದ್ದು ಎಷ್ಟು ಸಲವೋ. ಅಕ್ಷರ ಬೇರೆ, ಅದರ ಹಿಂದಿನ ನಂಬರ್ ಬೇರೆ ಅಂತ ಕೈಗೆ ಗೊತ್ತಿತ್ತು, ತಲೆಗೆ ಆವತ್ತು ಗೊತ್ತಾಯಿತು.

ಮೇಡಂ ಇದನ್ನು ಬೇಕಂತಲೇ ಮಾಡಿಸಿದರಾ ಅಂತ ಕೇಳಿದೆ. "ಮೊದಲ ಬ್ಯಾಚಲ್ಲಿ ನಾನೇ ಎಡವಿದ್ದು ಸರ್, ಎರಡನೇ ಬ್ಯಾಚಿಂದ ಪಾಠ ಆಯ್ತು" ಅಂದರು. ಈ ಉತ್ತರಕ್ಕೇ ಅರ್ಧ ಸ್ಟಾರ್ ಜಾಸ್ತಿ ಕೊಡಬಹುದು.

ಇಷ್ಟೆಲ್ಲ ಆದಮೇಲೆ ಪೈಥಾನ್‌ನಲ್ಲಿ ಒಂದೇ ಸಾಲಲ್ಲಿ ಫೋಲ್ಡರನ್ನು ಸರ್ವರ್ ಮಾಡಬಹುದು ಅಂತ ತೋರಿಸಿದರು. ಬಿಸಿಎ ಹುಡುಗರು ಸಿಟ್ಟಾದರು, ಮೊದಲೇ ಹೇಳಬಾರದಿತ್ತಾ ಅಂತ. ಊರಿಗೆಲ್ಲ ತೆರೆದಿಡಲು ಅದು ಆಗಿಬರುವುದಿಲ್ಲ, ಹಾಗಂತ ಪೈಥಾನಿನವರೇ ಬರೆದಿಟ್ಟಿದ್ದಾರೆ. ಆಮೇಲೆ ಫ್ಲಾಸ್ಕ್, ಪೈಥಾನಿನಲ್ಲಿ ವೆಬ್ ಪುಟ ಕೊಡಲು ಸಿಗುವ ಸಿದ್ಧ ಸಲಕರಣೆ. 2010ರಲ್ಲಿ ಒಂದು ಏಪ್ರಿಲ್ ಫೂಲ್ ತಮಾಷೆಯಿಂದ ಹುಟ್ಟಿದ್ದಂತೆ ಅದು. ಲಕೋಟೆ, ಉದ್ದ, ಖಾಲಿ ಸಾಲು ಎಲ್ಲ ಅದೇ ನೋಡಿಕೊಳ್ಳುತ್ತದೆ. ನನ್ನ ಪ್ರೂಫ್ ಪುಟ ಅದರಲ್ಲಿ ಮೂವತ್ತು ಸಾಲಿನೊಳಗೆ ಮುಗಿಯಿತು.

ಆವತ್ತು ಸಾಯಂಕಾಲ ಮನೆಯಲ್ಲಿ ಹೆಂಡತಿಗೆ ತೋರಿಸಲು ಹೋದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಬರುತ್ತದೆ, ಅವಳ ಫೋನಿನಲ್ಲಿ ಬರುವುದಿಲ್ಲ. ಟಿಪ್ಪಣಿ ನೋಡಿಕೊಂಡೆ. 127.0.0.1 ಅಂದರೆ ನನ್ನೊಳಗೆ ನಾನೇ, ಹೊರಗಿನವರಿಗೆ ಬಾಗಿಲಿಲ್ಲ. 0.0.0.0, ಅಂದರೆ ಹೊರಗಿನವರಿಗೂ ಬಾಗಿಲು ತೆರೆ, ಅಂತ ಬದಲಾಯಿಸಿದೆ, ಮನೆಯ ವೈಫೈನಲ್ಲಿ ನನ್ನ ಲ್ಯಾಪ್‌ಟಾಪಿಗೆ ಇರುವ, 192.168ರಿಂದ ಶುರುವಾಗುವ ನಂಬರನ್ನು ಅವಳ ಫೋನಿಗೆ ಹಾಕಿದೆ, ಬಂತು. ಖುಷಿಯಲ್ಲಿ ದಾವಣಗೆರೆಯ ಭಾವಮೈದನಿಗೂ ಅದೇ ನಂಬರ್ ಕಳಿಸಿದೆ. ಅವನಿಗೆ ಬರಲಿಲ್ಲ. ಬರುವುದಿಲ್ಲ ಕೂಡ. 192.168 ಅನ್ನುವುದು ಎಲ್ಲರ ಮನೆಯೊಳಗೂ ಇರುವ ನಂಬರು. ನಮ್ಮ ಮನೆಯಲ್ಲಿ "ಅಡುಗೆಮನೆ ಪಕ್ಕದ ರೂಮು" ಅಂದರೆ ದಾವಣಗೆರೆಯವನು ಅವನ ಮನೆಯ ರೂಮಿಗೆ ಹೋಗುತ್ತಾನೆ. ಹೊರಗಿನವರು ಬರಬೇಕಾದರೆ ಊರಿಗೆಲ್ಲ ಗೊತ್ತಿರುವ ವಿಳಾಸ ಇರುವ ಯಂತ್ರ ಬೇಕು, ಅದೇ ಬಾಡಿಗೆ ಸರ್ವರ್.

ಎರಡನೇ ಶನಿವಾರ ಅದನ್ನು ಕೊಟ್ಟರು. ಉಬುಂಟು (ವಿಂಡೋಸ್ ಜಾಗದಲ್ಲಿ ಕೂರುವ ಒಂದು ಬಗೆಯ ಲಿನಕ್ಸ್) ಹಾಕಿದ, 1 ಜಿಬಿ ಮೆಮೊರಿಯ ಯಂತ್ರ. ನಮ್ಮ ಆಫೀಸಿನ ಹಳೇ ಡಿಟಿಪಿ ಕಂಪ್ಯೂಟರಿಗೇ ಅದಕ್ಕಿಂತ ಜಾಸ್ತಿ ಇದೆ, ಇದು ಸಾಕಾ ಅಂತ ಕೇಳಿದೆ. ಪ್ರೂಫ್ ತೋರಿಸಲು ಧಾರಾಳ ಸಾಕಂತೆ. ದೂರದ ಆ ಯಂತ್ರದೊಳಗೆ ಎಸ್‌ಎಸ್‌ಎಚ್ ಅನ್ನುವ ದಾರಿಯಲ್ಲಿ ಹೋಗುವಾಗ ಪಾಸ್‌ವರ್ಡ್ ಹೊಡೆಯುತ್ತೇನೆ, ಪರದೆ ಮೇಲೆ ಒಂದು ಚುಕ್ಕಿಯೂ ಬರಲಿಲ್ಲ. ಕೀಬೋರ್ಡ್ ಕೆಟ್ಟಿತು ಅಂತ ಕೈ ಎತ್ತಿದೆ. ಹುಡುಗರು ನಕ್ಕರು. ಅದು ಹಾಗೇ, ಕಾಣಿಸದ ಹಾಗೆ ಹೊಡೆಯಬೇಕು. ಆಮೇಲೆ ಪಾಸ್‌ವರ್ಡ್ ತೆಗೆದು ಕೀಲಿ ಫೈಲ್ ಹಾಕಿಸಿದರು, ಒಳ್ಳೆಯದಾಯಿತು.

ಫ್ಲಾಸ್ಕ್ ಫೈಲನ್ನು ಅಲ್ಲಿಗೆ ಕಳಿಸಿ ಓಡಿಸಿದೆ. ದಾವಣಗೆರೆಗೆ ಫೋನು. "ಭಾವ, ಬಂತು ಭಾವ!" ಅಂದ. ನಾನು ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಹಾಕಿ ಸ್ಕೂಟರ್ ಹತ್ತಿದೆ. ರಾಮಕೃಷ್ಣ ಆಶ್ರಮದ ಸಿಗ್ನಲ್‌ನಲ್ಲಿ ಮತ್ತೆ ಫೋನು. "ಭಾವ, ಹೋಯ್ತಲ್ಲ."

ಓಡಿಸಿದ ಕಿಟಕಿ ಮುಚ್ಚಿದರೆ ಒಳಗೆ ಓಡುತ್ತಿದ್ದ ಪ್ರೋಗ್ರಾಮೂ ಜೊತೆಗೇ ನಿಲ್ಲುತ್ತದೆ ಅಂತ ಮಾರನೇ ದಿನ ಗೊತ್ತಾಯಿತು. ನನ್ನ ಕಥೆ ಕೇಳಿ ಮೇಡಂ ಒಂದು ಹಳೇ ಕಥೆ ಹೇಳಿದರು. ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀ, 1990ರಲ್ಲಿ ಸ್ವಿಟ್ಜರ್ಲೆಂಡಿನ ಸರ್ನ್‌ನಲ್ಲಿ ಪ್ರಪಂಚದ ಮೊದಲ ವೆಬ್ ಸರ್ವರನ್ನು ತಮ್ಮ ಮೇಜಿನ ಮೇಲಿನ ನೆಕ್ಸ್ಟ್ ಕಂಪ್ಯೂಟರಿನಲ್ಲೇ ಓಡಿಸುತ್ತಿದ್ದರು. ಯಾರಾದರೂ ಸ್ವಿಚ್ ಆಫ್ ಮಾಡಿಬಿಟ್ಟಾರು ಅಂತ ಅದರ ಮೇಲೆ ಕೆಂಪು ಶಾಯಿಯಲ್ಲಿ ಚೀಟಿ ಅಂಟಿಸಿದ್ದರು, ಇದು ಸರ್ವರ್, ಆರಿಸಬೇಡಿ ಅಂತ. ನಮಗೆ ಚೀಟಿ ಬೇಡ, ಸಿಸ್ಟಮ್‌ಡಿ ಇದೆ. ಹತ್ತು ಸಾಲಿನ ಒಂದು ಫೈಲ್ ಬರೆದಿಟ್ಟರೆ ಉಬುಂಟುವೇ ಪ್ರೋಗ್ರಾಮನ್ನು ಎಬ್ಬಿಸುತ್ತದೆ, ಬಿದ್ದರೆ ಮತ್ತೆ ಎಬ್ಬಿಸುತ್ತದೆ, ಯಂತ್ರ ಆಫ್ ಆಗಿ ಆನ್ ಆದರೂ ಎಬ್ಬಿಸುತ್ತದೆ. ಆದರೂ ಪ್ರೆಸ್ಸಿನಲ್ಲಿ ನನ್ನ ಕಂಪ್ಯೂಟರಿಗೆ ಹಾಗೊಂದು ಚೀಟಿ ಕೆಂಪು ಶಾಯಿಯಲ್ಲಿ ಅಂಟಿಸಿದ್ದೇನೆ. ಸುಮ್ನೆ.

ಇಲ್ಲಿವರೆಗೆ ಹೊಗಳಿದೆ. ಇನ್ನು ಬೈಗುಳ.

ಕೊನೇ ಭಾನುವಾರ ಮೇಡಂ ಬೇರೆಯೇ ಮನುಷ್ಯರಾಗಿಬಿಟ್ಟರು. ಒಂದೂವರೆಗೆ ಮುಗಿಸಬೇಕು, ಅರ್ಧ ಗಂಟೆ ಕರೆಂಟ್ ಬೇರೆ ಹೋಯಿತು. ಎನ್‌ಜಿನ್‌ಎಕ್ಸ್, ಡೊಮೇನ್ ಹೆಸರು, ಎಚ್‌ಟಿಟಿಪಿಎಸ್ ಸರ್ಟಿಫಿಕೇಟು (ಪುಟ ಗುಟ್ಟಾಗಿ ಹೋಗಿಬರಲು ಬೇಕಾದದ್ದು), ಫೈರ್‌ವಾಲ್ (ಬೇಡದ ಪೋರ್ಟು ಮುಚ್ಚುವ ಕಾವಲು), ನಾಲ್ಕನ್ನೂ ಒಂದು ಗಂಟೆಯಲ್ಲಿ ಮುಗಿಸಿದರು. ಮೊದಲ ದಿನ ಅಂಟಿಸಬೇಡಿ ಅಂದವರು ಈಗ "ಇದನ್ನ ಕಾಪಿ ಮಾಡಿ ಹಾಕಿ" ಅಂದರು. 80ನೇ ಪೋರ್ಟಿನಲ್ಲಿ (ಎಚ್‌ಟಿಟಿಪಿಯ ಮಾಮೂಲು ಬಾಗಿಲು) ನಮ್ಮ ಪ್ರೋಗ್ರಾಮ್ ಕೂರಲು ಅನುಮತಿ ಇಲ್ಲ ಅಂತ ಯಂತ್ರ ಬೈದಾಗ, 1024ಕ್ಕಿಂತ ಕೆಳಗಿನ ಪೋರ್ಟು ಲಿನಕ್ಸ್‌ನಲ್ಲಿ ಯಜಮಾನನಿಗೆ ಮಾತ್ರ ಅಂತ ಒಂದು ಮಾತಲ್ಲಿ ಹೇಳಿ ಮುಂದೆ ಓಡಿದರು. ಎನ್‌ಜಿನ್‌ಎಕ್ಸ್ ಮುಂದೆ ಕೂತು ಬಂದವರನ್ನು 8000ಕ್ಕೆ ಕಳಿಸುತ್ತದೆ, ಅದು ಅರ್ಥ ಆಯಿತು. ಉಳಿದದ್ದು ಮನೆಗೆ ಹೋಗಿ ಮಗಳ ಹತ್ತಿರ ಹೇಳಿಸಿಕೊಂಡೆ. ಫೈರ್‌ವಾಲ್ ಹಾಕುವ ಮೊದಲು 22ನೇ ಪೋರ್ಟ್, ಅಂದರೆ ನಾವು ಎಸ್‌ಎಸ್‌ಎಚ್‌ನಲ್ಲಿ ಒಳಗೆ ಹೋಗುವ ಬಾಗಿಲು, ತೆರೆದಿಡಿ ಅಂತ ಎರಡು ಸಲ ಹೇಳಿದರು. ಒಬ್ಬ ಹುಡುಗ ಕೇಳಿಸಿಕೊಳ್ಳಲಿಲ್ಲ, ತನ್ನ ಮನೆಗೆ ತಾನೇ ಬೀಗ ಹಾಕಿ ಹೊರಗೆ ನಿಂತ.

ಆ ಗಡಿಬಿಡಿಯಲ್ಲೂ ಒಂದು ಒಳ್ಳೆ ಕೆಲಸ ಮಾಡಿದರು, ಲಾಗ್, ಅಂದರೆ ಬಂದುಹೋದವರ ದಾಖಲೆ, ತೋರಿಸಿದರು. ಸರ್ವರ್ ಹೊರಗೆ ತೆರೆದು ಇನ್ನೂ ಒಂದು ಗಂಟೆ ಆಗಿಲ್ಲ, ಯಾವ ಯಾವ ದೇಶದಿಂದಲೋ ವರ್ಡ್‌ಪ್ರೆಸ್ ಲಾಗಿನ್ ಪುಟ ಇದೆಯಾ, ಪಾಸ್‌ವರ್ಡ್ ಇಡುವ ಫೈಲ್ ಇದೆಯಾ ಅಂತ ಕೇಳಿಕೊಂಡು ಬಂದ ಸಾಲುಗಳು. ನನ್ನ ಪ್ರೂಫ್ ಪುಟದ ಸುದ್ದಿ ದಾವಣಗೆರೆಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ! ಎಲ್ಲದಕ್ಕೂ ನನ್ನ ಸರ್ವರ್ 404, ಅಂದರೆ ಅಂಥ ಪುಟ ಇಲ್ಲ, ಅಂತ ಉತ್ತರ ಕೊಟ್ಟು ಕಳಿಸಿತ್ತು. ಮನೆ ಬಾಗಿಲು ಹಾಕಿದ್ದರೂ ಚಿಲಕ ಅಲ್ಲಾಡಿಸಿ ಹೋಗುವವರು ಬೀದಿಯಲ್ಲಿ ಸದಾ ಓಡಾಡುತ್ತಿರುತ್ತಾರೆ ಅಂತ ಆವತ್ತು ಹೆದರಿಕೆ ಆಯಿತು.

ಹೆದರಿಸಿದವರು ಮುಂದಿನದನ್ನೂ ಹೇಳಬೇಕಿತ್ತು. ನನ್ನ ಪ್ರೂಫ್ ಲಿಂಕುಗಳು 1, 2, 3 ಅಂತ ಇದ್ದವು. ಕ್ಲಾಸಲ್ಲಿ ಹಾಗೇ ಮಾಡಿಸಿದ್ದು. ಎರಡು ವಾರ ಕಳೆದು ಮಲ್ಲೇಶ್ವರದ ಗಿರಾಕಿಯೊಬ್ಬರು ಫೋನ್ ಮಾಡಿ, "ಏನ್ ಸ್ವಾಮಿ, 14 ಅಂತ ಇದ್ದದ್ದನ್ನ 15 ಮಾಡಿದರೆ ಇನ್ಯಾರದೋ ಮದುವೆ ಬರ್ತಿದೆಯಲ್ಲ" ಅಂದರು. ಮನೆ ವಿಳಾಸ, ಫೋನ್ ನಂಬರ್ ಸಮೇತ. ನನಗೆ ಬೆವರು ಕಿತ್ತುಬಂತು. ಮೇಡಂಗೆ ಫೋನ್ ಮಾಡಿದೆ. ಎತ್ತಿದರು, ಹತ್ತು ನಿಮಿಷ ಕೂತು ಹೇಳಿಕೊಟ್ಟರು, ನಂಬರಿನ ಬದಲು ಯಾರೂ ಊಹಿಸಲಾಗದ ಉದ್ದದ ಅಕ್ಷರಮಾಲೆ ಹಾಕಿ, ಪೈಥಾನಿನಲ್ಲೇ ಅದಕ್ಕೆ ಸೀಕ್ರೆಟ್ಸ್ ಅನ್ನುವ ಮಾಡ್ಯೂಲ್ ಇದೆ ಅಂತ. ಫೋನ್ ಎತ್ತಿದ್ದಕ್ಕೆ ಧನ್ಯವಾದ. ಆದರೆ ಇದು ಎರಡು ಸಾಲಿನ ಕೆಲಸ, ಕ್ಲಾಸಿನಲ್ಲೇ ಹೇಳಬಹುದಿತ್ತು ಅಲ್ವಾ?

ಇನ್ನೊಂದು ಸರ್ಟಿಫಿಕೇಟಿನದು. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವವರು ಪುಕ್ಕಟೆ ಕೊಡುತ್ತಾರೆ, ನನಗೆ ಸಿಕ್ಕಿದ್ದರ ಆಯಸ್ಸು 90 ದಿನ, ಆಮೇಲೆ ತಾನಾಗಿ ನವೀಕರಣ ಆಗುತ್ತದೆ. ಇಷ್ಟೇ ಹೇಳಿದ್ದು. ನಾನು ಜಾಣತನ ಮಾಡಿ, ಎಚ್‌ಟಿಟಿಪಿಎಸ್‌ಗೆ 443ನೇ ಪೋರ್ಟ್ ಸಾಕಲ್ಲ ಅಂತ 80ನೇ ಪೋರ್ಟ್ ಮುಚ್ಚಿದೆ. ನಾವು ಹಾಕಿದ ಪದ್ಧತಿಯಲ್ಲಿ ಅವರು ಪರೀಕ್ಷೆ ಮಾಡಲು ಬರುವುದೇ 80ರಲ್ಲಿ. ಬಾಗಿಲು ಮುಚ್ಚಿತ್ತು, ನವೀಕರಣ ಆಗಲಿಲ್ಲ. ತೊಂಬತ್ತೊಂದನೇ ದಿನ ತುಮಕೂರಿನ ಗಿರಾಕಿಯ ಫೋನಿನಲ್ಲಿ ಈ ಪುಟ ಅಪಾಯ ಅಂತ ಬ್ರೌಸರ್ ಎಚ್ಚರಿಕೆ ಹಾಕಿತು. ಅವರು ಮದುವೆ ಕಾರ್ಡಿನಲ್ಲಿ ವೈರಸ್ ಅಂದುಕೊಂಡರು. ತಪ್ಪು ಮುಕ್ಕಾಲು ನನ್ನದು, ಕಾಲು ಕ್ಲಾಸಿನದು.

ದುಡ್ಡಿನ ವಿಷಯ. ಎರಡು ತಿಂಗಳಾದ ಮೇಲೆ ಸರ್ವರ್ ಬಾಡಿಗೆ ನಾವೇ ಕಟ್ಟಬೇಕು, ಅದು ಡಾಲರ್‌ನಲ್ಲಿ, ಕ್ರೆಡಿಟ್ ಕಾರ್ಡಿನಲ್ಲಿ ಅಂತ ಕೊನೇ ದಿನ ಚಪ್ಪಲಿ ಹಾಕಿಕೊಳ್ಳುವಾಗ ಹೇಳಿದರು. ನನಗೆ ತೆರಿಗೆ ಸೇರಿ ತಿಂಗಳಿಗೆ 600ರ ಆಸುಪಾಸು ಬೀಳುತ್ತಿದೆ. ರದ್ದಿಗೆ ಹೋದ ಕಾರ್ಡಿನ ಲೆಕ್ಕದಲ್ಲಿ ಅದು ಜಾಸ್ತಿ ಅಲ್ಲ. ಆದರೆ ಬಿಸಿಎ ಹುಡುಗರಲ್ಲಿ ಅರ್ಧಕ್ಕರ್ಧ ಜನ ಕಾರ್ಡ್ ಇಲ್ಲದೆ ಅಲ್ಲಿಗೇ ಬಿಟ್ಟರು. ಸೇರುವಾಗಲೇ ಹೇಳಬೇಕಾದ ಮಾತು ಇದು.

ಕುರ್ಚಿ ಚೆನ್ನಾಗಿಲ್ಲ. ಪ್ಲಗ್ ಪಾಯಿಂಟು ಹನ್ನೊಂದು ಜನಕ್ಕೆ ಆರು. ಪಾರ್ಕಿಂಗ್ ಇಲ್ಲ, ಬಸ್ಸಿನಲ್ಲಿ ಹೋಗಿ.

ಐದಕ್ಕೆ ಮೂರೂವರೆ ಸ್ಟಾರ್. ಮೊದಲ ಮೂರು ದಿನಕ್ಕಾದರೆ ನಾಲ್ಕೂಮುಕ್ಕಾಲು. ಒಂದಿಷ್ಟು ಪೈಥಾನ್ ಗೊತ್ತಿದ್ದರೆ ಸೇರಿ. ಏನೂ ಗೊತ್ತಿಲ್ಲದಿದ್ದರೆ ಮೊದಲು ಒಂದು ತಿಂಗಳು ಮನೆಯಲ್ಲಿ ಕಲಿತು ಹೋಗಿ, ನಾನು ಹಾಗೇ ಮಾಡಿದೆ. ಕೆಲಸಕ್ಕೆ ಸೇರಲು ಸರ್ಟಿಫಿಕೇಟು ಬೇಕು ಅನ್ನುವವರಿಗೆ ಇದು ಅಲ್ಲ, ಅವರು ಕೊಡುವ ಕಾಗದ ಬರೀ ಎ4 ಪ್ರಿಂಟು, ಅದೂ ಸ್ವಲ್ಪ ವಾರೆಯಾಗಿ ಕಟ್ ಆಗಿತ್ತು.

ಟಿಪ್ಪಣಿಗಳ ಬಗ್ಗೆ ಒಂದು ಮಾತು ಬಾಕಿ ಇದೆ. ಪಾಠ ಕನ್ನಡದಲ್ಲಿ, ಕೊಡುವ ಟಿಪ್ಪಣಿ ಮಾತ್ರ ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ನಾನು ನನಗೋಸ್ಕರ ಕನ್ನಡದಲ್ಲಿ ಬರೆದುಕೊಂಡದ್ದು 32 ಪುಟ ಆಗಿದೆ, 4, 7, 21ರ ಪಾಠ ಅದರಲ್ಲಿ ಎರಡನೇ ಪುಟ. ಡಿಟಿಪಿ ನಾನೇ ಮಾಡಿಟ್ಟಿದ್ದೇನೆ, ಕಾಗದದ ಖರ್ಚು ಕೊಟ್ಟರೆ ಮುಂದಿನ ಬ್ಯಾಚಿಗೆ ಪಿನ್ ಹೊಡೆದು ಕೊಡುತ್ತೇನೆ ಅಂತ ಮೇಡಂಗೆ ಮೆಸೇಜ್ ಹಾಕಿದ್ದೆ. "ಖಂಡಿತ ಸರ್, ಫೋನ್ ಮಾಡ್ತೀನಿ" ಅಂದರು. ಇನ್ನೂ ಮಾಡಿಲ್ಲ.